ವೆರಿಕೋಸ್ ವೇನ್ಸ್ ಮತ್ತೆ ಬಂದರೆ ಮೊದಲು ಕೇಳಬೇಕಾದ್ದು ‘ಎಲ್ಲಿಂದ?’

ವೆರಿಕೋಸ್ ವೇನ್ಸ್ ಚಿಕಿತ್ಸೆಯ ಜಾಹೀರಾತುಗಳಲ್ಲಿ ‘ಶಾಶ್ವತ ಪರಿಹಾರ’ ಎಂಬ ಮಾತು ಇಲ್ಲದಿರುವುದು ಅಪರೂಪ. ಕಡಿಮೆ ಹೊತ್ತಿನ ಲೇಸರ್, ಅದೇ ದಿನ ಮನೆಗೆ, ಕೆಲವೇ ದಿನಗಳಲ್ಲಿ ಕೆಲಸಕ್ಕೆ ಎನ್ನುವುದೆಲ್ಲ ಬಹುಮಟ್ಟಿಗೆ ನಿಜವೇ. ಶಾಶ್ವತ ಎನ್ನುವುದನ್ನು ಮಾತ್ರ ಅನುಮಾನದಿಂದ ನೋಡಬೇಕು. ಕಾಲಿನ ಉಬ್ಬಿದ ರಕ್ತನಾಳಗಳು ಮರುಕಳಿಸುವ ಕಥೆ ಅದರ ಆಪರೇಷನ್ನಿನಷ್ಟೇ ಹಳೆಯದು. ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1891ರಲ್ಲಿ ತೊಡೆಯ ಒಳಬದಿಯ ದೊಡ್ಡ ರಕ್ತನಾಳವನ್ನು ದಾರದಿಂದ ಕಟ್ಟಿ ತುಂಡರಿಸುವ ವಿಧಾನವನ್ನು ಪ್ರಕಟಿಸಿದರು. 1895ರಲ್ಲಿ ಅವರದೇ ಸಹಾಯಕ ಗೆಯೊರ್ಗ್ ಪೆರ್ಥೆಸ್ ಆ ರೋಗಿಗಳ ಸ್ಥಿತಿಗತಿಯನ್ನು ವರದಿ ಮಾಡಿದಾಗ, ಕೆಲವರಿಗೆ ಉಬ್ಬು ಆಗಲೇ ಮರಳಿತ್ತು.

ಟ್ರೆಂಡೆಲೆನ್‌ಬರ್ಗ್ ಕಟ್ಟಿದ್ದು ತೊಡೆಯಲ್ಲಿ, ಎರಡು ನಾಳಗಳು ಕೂಡುವ ಕೀಲಿಗಿಂತ ಕೆಳಗೆ. ಆ ರಕ್ತನಾಳ ಆಳದಲ್ಲಿರುವ ಇನ್ನೊಂದು ದೊಡ್ಡ ನಾಳವನ್ನು ಸೇರುವುದು ಅದಕ್ಕಿಂತ ಮೇಲೆ, ತೊಡೆಸಂದಿನಲ್ಲಿ. ನಡುವೆ ಉಳಿದ ಕವಲುಗಳ ಮೂಲಕ ರಕ್ತ ಸುತ್ತಿಬಳಸಿ ಮತ್ತೆ ಕೆಳಗಿಳಿಯಿತು. ಹಾಗಾಗಿ ಮುಂದಿನ ವೈದ್ಯರು ಗಂಟನ್ನು ತೊಡೆಸಂದಿನವರೆಗೆ ಮೇಲೇರಿಸಿದರು. 1905ರಿಂದ 1907ರ ನಡುವೆ ಅಮೆರಿಕದ ಕೆಲ್ಲರ್, ಮೇಯೊ, ಬ್ಯಾಬ್‌ಕಾಕ್ ಎಂಬ ಮೂವರು, ಕಟ್ಟಿದರಷ್ಟೇ ಸಾಲದೆಂದು ರಕ್ತನಾಳವನ್ನೇ ಎಳೆದು ತೆಗೆಯುವ ಬಗೆಬಗೆಯ ಸಾಧನಗಳನ್ನು ರೂಪಿಸಿದರು. ಅದೇ ‘ಸ್ಟ್ರಿಪ್ಪಿಂಗ್’. ಬರೀ ಕಟ್ಟಿದವರಿಗೂ ಕಟ್ಟಿ ಎಳೆದು ತೆಗೆದವರಿಗೂ ಏನು ವ್ಯತ್ಯಾಸ ಎಂದು ಬ್ರಿಟನ್ನಿನಲ್ಲಿ 11 ವರ್ಷಗಳವರೆಗೆ ಗಮನಿಸಿದಾಗ, ಎಳೆದು ತೆಗೆದವರಲ್ಲಿ ಮರು ಆಪರೇಷನ್ ಗಣನೀಯವಾಗಿ ಕಡಿಮೆಯಾಗಿತ್ತು. ಆದರೆ ಉಬ್ಬು ಮರಳುವುದು ಅವರಲ್ಲೂ ನಿಂತಿರಲಿಲ್ಲ.

ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಕಾಲಿನ ರಕ್ತಸಂಚಾರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ನಾವು ಸುಮ್ಮನೆ ನಿಂತಾಗ ಕಾಲಿನ ಹರಡಿನ ಬಳಿಯ ಅಭಿಧಮನಿಗಳಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯು ರಕ್ತವನ್ನು ಹಿಂಡಿ ಮೇಲಕ್ಕೆ ತಳ್ಳುತ್ತದೆ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಮೇಲೆ ಹೋದ ರಕ್ತ ಹಿಂದಿರುಗದಂತೆ ತಡೆಯುವವು ಒಳಗಿನ ಕವಾಟಗಳು. ಅವು ಸರಿಯಾಗಿ ಮುಚ್ಚದಿದ್ದರೆ ರಕ್ತ ಕೆಳಗೇ ಜಾರುತ್ತದೆ, ಚರ್ಮದಡಿಯ ಕವಲುಗಳು ಹಿಗ್ಗಿ ಅಂಕುಡೊಂಕಾಗುತ್ತವೆ. ಕಾಲಿನ ರಕ್ತದಲ್ಲಿ ಬಹುಪಾಲು ಹೃದಯಕ್ಕೆ ಮರಳುವುದು ಸ್ನಾಯುಗಳ ನಡುವಿನ ಆಳದ ನಾಳಗಳಿಂದ. ಆದ್ದರಿಂದ ಕೆಟ್ಟುಹೋದ ಮೇಲ್ಪದರದ ನಾಳವನ್ನು ಮುಚ್ಚಿದರೆ ‘ರಕ್ತ ಎಲ್ಲಿಗೆ ಹೋಗಬೇಕು?’ ಎಂದು ಹೆದರಬೇಕಿಲ್ಲ. ಚಿಕಿತ್ಸೆ ಯಾವುದೇ ಇರಲಿ, ಅದು ಮಾಡುವುದು ಇಷ್ಟನ್ನೇ: ಸೋರುವ ನಾಳವೊಂದನ್ನು ತೆಗೆಯುತ್ತದೆ ಅಥವಾ ಮುಚ್ಚುತ್ತದೆ. ಅಪ್ಪ ಅಮ್ಮನಿಂದ ಬಂದ ನಾಳಗಳ ದುರ್ಬಲ ಗೋಡೆ ಬದಲಾಗುವುದಿಲ್ಲ. ದೋಸೆ ಕಾವಲಿಯ ಮುಂದೆ, ತರಗತಿಯ ಬೋರ್ಡಿನ ಮುಂದೆ, ಸಿಗ್ನಲ್ಲಿನ ನಡುವೆ ಎಂಟು ಹತ್ತು ಗಂಟೆ ನಿಲ್ಲುವ ಕೆಲಸವೂ ಬದಲಾಗುವುದಿಲ್ಲ.

ಮರುಕಳಿಸುವ ವಿಷಯಕ್ಕೆ ಬರುವ ಮುನ್ನ ಚಿಕಿತ್ಸೆಯ ತೊಡಕುಗಳನ್ನು ನೋಡೋಣ. ರೋಗಿಗಳು ಹೆಚ್ಚು ಗಾಬರಿಯಾಗುವುದು ಅಪಾಯವಿಲ್ಲದವುಗಳಿಗೆ, ಕಡೆಗಣಿಸುವುದು ಅಪಾಯವಿರುವವುಗಳನ್ನು.

ನಾಳವನ್ನು ಒಳಗಿನಿಂದ ಶಾಖ ಕೊಟ್ಟು ಮುಚ್ಚುವ ಲೇಸರ್ ಅಥವಾ ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆಯಾದ ಮೇಲೆ ತೊಡೆಯ ಒಳಬದಿ ನೀಲಿಗಟ್ಟುವುದು ಸಹಜ, ಎರಡು ಮೂರು ವಾರದಲ್ಲಿ ಅದು ಮಾಯುತ್ತದೆ. ಒಂದು ವಾರ ಕಳೆದ ಮೇಲೆ ತೊಡೆಯೊಳಗೆ ಹಗ್ಗ ಬಿಗಿದಂತೆ ಎಳೆತ ಕಾಣಿಸಿಕೊಳ್ಳಬಹುದು. ಮುಚ್ಚಿದ ನಾಳ ಸೆಟೆದು ಕುಗ್ಗುತ್ತಿರುವುದರಿಂದ ಹಾಗಾಗುತ್ತದೆ. ನಾಳ ಮುಚ್ಚಲು ಔಷಧದ ನೊರೆ, ಅಂದರೆ ಫೋಮ್, ಚುಚ್ಚಿದ ಜಾಗದಲ್ಲಿ ಗಟ್ಟಿ ಗಂಟುಗಳು ಏಳುತ್ತವೆ. ಒಳಗೆ ಸಿಕ್ಕಿಕೊಂಡ ರಕ್ತ ಅದು, ಕೆಲವು ವಾರಗಳ ನಂತರ ವೈದ್ಯರು ಸೂಜಿಯಿಂದ ಹೊರತೆಗೆದರೆ ನೋವೂ ಇಳಿಯುತ್ತದೆ, ಕಲೆಯೂ ಕಡಿಮೆಯಾಗುತ್ತದೆ. ನಾಳದ ಗುಂಟ ಉಳಿಯುವ ಕಂದು ಗೆರೆಗೆ ಕಾರಣ ರಕ್ತದಿಂದ ಹೊರಬಿದ್ದ ಕಬ್ಬಿಣಾಂಶ. ಬಹುಪಾಲು ಜನರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಅದು ಮಸುಕಾಗುತ್ತದೆ, ಕೆಲವರಲ್ಲಿ ಉಳಿದೇ ಬಿಡುತ್ತದೆ. ಚಿಕಿತ್ಸೆಯಾದ ಜಾಗದ ಸುತ್ತ ಕೂದಲೆಳೆಯಷ್ಟು ತೆಳುವಾದ ಕೆಂಪು ನಾಳಗಳು ಹೊಸದಾಗಿ ಕಾಣಿಸಿಕೊಳ್ಳುವುದೂ ಉಂಟು. ಇವೆಲ್ಲ ನೋಡಲು ಬೇಸರ ತರಿಸುವವೇ ಹೊರತು ಕೇಡು ಮಾಡುವವಲ್ಲ. ಅಂದದ ಕಾರಣಕ್ಕೇ ಚಿಕಿತ್ಸೆಗೆ ಬಂದವರಿಗೆ ಇದನ್ನು ಮೊದಲೇ ಹೇಳದಿದ್ದರೆ ಅದು ವೈದ್ಯರ ತಪ್ಪೆಂದೇ ನನ್ನ ಅಭಿಪ್ರಾಯ.

ನರಕ್ಕೆ ಪೆಟ್ಟಾಗುವುದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಇಲ್ಲಿ ನರ ಎಂದರೆ ರಕ್ತನಾಳವಲ್ಲ, ಸ್ಪರ್ಶದ ಅರಿವನ್ನು ಮಿದುಳಿಗೆ ಒಯ್ಯುವ ನರ್ವ್. ಮಂಡಿಯಿಂದ ಕೆಳಗೆ ಸಫೇನಸ್ ನರವು ದೊಡ್ಡ ಸಫೇನಸ್ ರಕ್ತನಾಳಕ್ಕೆ (ಟ್ರೆಂಡೆಲೆನ್‌ಬರ್ಗ್ ಕಟ್ಟಿದ್ದು ಇದನ್ನೇ) ಅಂಟಿಕೊಂಡಂತೆಯೇ ಸಾಗುತ್ತದೆ. ಹಿಂದೆ ಹರಡಿನವರೆಗೂ ನಾಳವನ್ನು ಎಳೆದು ತೆಗೆಯುತ್ತಿದ್ದಾಗ ಪಾದದ ಒಳಬದಿ ಮರಗಟ್ಟುವುದು ಸಾಮಾನ್ಯ ದೂರಾಗಿತ್ತು. ಈಗ ಎಳೆಯುವುದನ್ನು ಮಂಡಿಯ ಹತ್ತಿರಕ್ಕೇ ನಿಲ್ಲಿಸುವುದಕ್ಕೆ ಇದೂ ಒಂದು ಕಾರಣ. ಕಾಲಿನ ಹಿಂಬದಿಯ ಚಿಕ್ಕ ಸಫೇನಸ್ ನಾಳದ ಪಕ್ಕದಲ್ಲಿ ಸೂರಲ್ ನರವಿದೆ. ಅದಕ್ಕೆ ಬಿಸಿ ತಗುಲಿದರೆ ಪಾದದ ಹೊರಬದಿ ಜೋಮು ಹಿಡಿಯುತ್ತದೆ. ಲೇಸರ್ ಹಚ್ಚುವ ಮುನ್ನ ನಾಳದ ಉದ್ದಕ್ಕೂ ಅರಿವಳಿಕೆ ಬೆರೆಸಿದ ತಣ್ಣನೆಯ ಸಲೈನನ್ನು ಅಲ್ಟ್ರಾಸೌಂಡ್ ನೋಡಿಕೊಂಡೇ ಚುಚ್ಚುತ್ತಾ ಹೋಗುತ್ತಾರೆ. ರೋಗಿಗೆ ಇಡೀ ಚಿಕಿತ್ಸೆಯಲ್ಲಿ ಅತಿ ಕಿರಿಕಿರಿಯ ಭಾಗ ಇದೇ. ಆದರೆ ನರವನ್ನೂ ಚರ್ಮವನ್ನೂ ಬಿಸಿಯಿಂದ ದೂರ ಸರಿಸುವುದು ಆ ನೀರೇ. ಮರಗಟ್ಟಿದ ಜಾಗ ಸಾಮಾನ್ಯವಾಗಿ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಮಂಡಿಯ ಹಿಂದೆ ಕತ್ತರಿಸಿ ಮಾಡುವ ಆಪರೇಷನ್ನಿನಲ್ಲಿ ಪಾದವನ್ನು ಮೇಲೆತ್ತುವ ಸ್ನಾಯುಗಳ ನರಕ್ಕೆ ಗಾಯವಾಗಿ ಪಾದ ಜೋತುಬೀಳುವುದು ತೀರಾ ವಿರಳ, ಆದರೆ ಗಂಭೀರ.

ನಿಜಕ್ಕೂ ಕಣ್ಣಿಡಬೇಕಾದ್ದು ಹೆಪ್ಪಿನ ಮೇಲೆ. ಶಾಖ ಕೊಟ್ಟು ಮುಚ್ಚಿದ ನಾಳದ ತುದಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕೆಲವೊಮ್ಮೆ ಕೀಲನ್ನು ದಾಟಿ ಆಳದ ನಾಳದೊಳಕ್ಕೆ ಇಣುಕುತ್ತದೆ. ಇದನ್ನು ತಪ್ಪಿಸಲೆಂದೇ ಲೇಸರ್ ತುದಿಯನ್ನು ತೊಡೆಸಂದಿನ ಕೀಲಿನಿಂದ ಎರಡು ಸೆಂಟಿಮೀಟರಿಗಿಂತ ತುಸು ಕೆಳಗೆ ನಿಲ್ಲಿಸುತ್ತಾರೆ. ಹೆಪ್ಪು ಎಷ್ಟರಮಟ್ಟಿಗೆ ಒಳನುಗ್ಗಿದೆ ಎಂಬುದರ ಮೇಲೆ ಅದನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಕೀಲಿನವರೆಗೆ ಮಾತ್ರ ಬಂದಿದ್ದರೆ ಏನೂ ಮಾಡಬೇಕಿಲ್ಲ. ಆಳದ ನಾಳದ ಅರ್ಧಕ್ಕಿಂತ ಹೆಚ್ಚು ಆವರಿಸಿದ್ದರೆ ರಕ್ತ ತೆಳುವಾಗಿಸುವ ಔಷಧ ಬೇಕಾಗುತ್ತದೆ. ಮೀನಖಂಡದ ಆಳದಲ್ಲಿ ಪ್ರತ್ಯೇಕವಾಗಿ ಹೆಪ್ಪುಗಟ್ಟುವುದೂ ಸಾಧ್ಯ. ಅದು ತುಂಡಾಗಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಇಡೀ ಮೀನಖಂಡ ಊದಿಕೊಂಡು ಬಿಗಿದರೆ, ಏಕಾಏಕಿ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ಅಥವಾ ಕೆಮ್ಮಿನಲ್ಲಿ ರಕ್ತ ಬಂದರೆ ಫಾಲೋಅಪ್ ದಿನಾಂಕಕ್ಕೆ ಕಾಯಬಾರದು, ನೇರವಾಗಿ ತುರ್ತು ವಿಭಾಗಕ್ಕೆ ಹೋಗಬೇಕು. ಹಿಂದೆ ಹೆಪ್ಪುಗಟ್ಟಿದ ಇತಿಹಾಸ, ಕ್ಯಾನ್ಸರ್, ಈಸ್ಟ್ರೊಜೆನ್ ಇರುವ ಮಾತ್ರೆ, ಹೆಚ್ಚಿನ ತೂಕ ಇವು ಅಪಾಯವನ್ನು ಹೆಚ್ಚಿಸುತ್ತವೆ. ಚಿಕಿತ್ಸೆಗೆ ಮೊದಲೇ ಇವನ್ನು ಬಾಯಿಬಿಟ್ಟು ಹೇಳಬೇಕು. ಆಪರೇಷನ್ನಾದ ದಿನವೇ ಎದ್ದು ನಡೆಸುವುದೂ ಇದೇ ಕಾರಣಕ್ಕೆ. ‘ಕಾಲಿಗೆ ಆಪರೇಷನ್ ಆಗಿದೆ, ಒಂದು ವಾರ ಮಂಚದಿಂದ ಇಳಿಯಬೇಡ’ ಎಂಬ ಮನೆಯವರ ಕಾಳಜಿ ಇಲ್ಲಿ ತದ್ವಿರುದ್ಧದ ಕೆಲಸ ಮಾಡುತ್ತದೆ.

ಉಳಿದವು ವಿಧಾನಕ್ಕೆ ತಕ್ಕಂತೆ. ತೊಡೆಸಂದಿನಲ್ಲಿ ಕತ್ತರಿಸಿದಾಗ ಗಾಯ ಕೀವಾಗಬಹುದು, ದುಗ್ಧರಸ (ಲಿಂಫ್) ಸೋರಬಹುದು. ಫೋಮ್ ಎಂದರೆ ಔಷಧವನ್ನೂ ಗಾಳಿಯನ್ನೂ ಸಾಮಾನ್ಯವಾಗಿ ಒಂದಕ್ಕೆ ನಾಲ್ಕರ ಪ್ರಮಾಣದಲ್ಲಿ ಎರಡು ಸಿರಿಂಜುಗಳ ನಡುವೆ ಹಿಂದೆ ಮುಂದೆ ತಳ್ಳಿ ಎಬ್ಬಿಸಿದ ನೊರೆ. ಅದರ ಗುಳ್ಳೆಗಳು ರಕ್ತದೊಂದಿಗೆ ಹೃದಯದ ಬಲಭಾಗಕ್ಕೆ ಬರುತ್ತವೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಬಲ ಎಡಗಳ ನಡುವೆ ಹುಟ್ಟಿನಿಂದ ಉಳಿದ ಪುಟ್ಟ ಕಿಂಡಿ ಇರುತ್ತದೆ. ಕಣ್ಣಿನ ಮುಂದೆ ಮಿಣುಕು, ಮೈಗ್ರೇನ್ ತಲೆನೋವು ಕೆಲವರಲ್ಲಿ ಕಾಣಿಸಿಕೊಂಡು ಸ್ವಲ್ಪ ಹೊತ್ತಿನಲ್ಲಿ ಹೋಗುವುದಕ್ಕೆ ಇದೂ ಕಾರಣವಿರಬಹುದು. ಪಾರ್ಶ್ವವಾಯು ಆದದ್ದು ಬೆರಳೆಣಿಕೆಯ ಪ್ರಕರಣಗಳಲ್ಲಿ. ಆದ್ದರಿಂದ ಒಂದು ಸಲಕ್ಕೆ ಸುಮಾರು 10 ಮಿಲಿಲೀಟರಿಗಿಂತ ಹೆಚ್ಚು ನೊರೆ ಬಳಸದಿರುವುದು ವಾಡಿಕೆ. ಅಂಟು ಹಾಕಿ ನಾಳ ಮುಚ್ಚುವ ಸಯನೊಆಕ್ರಿಲೇಟ್ ವಿಧಾನದಲ್ಲಿ ಶಾಖವೂ ಇಲ್ಲ, ಹತ್ತಾರು ಚುಚ್ಚುಮದ್ದೂ ಇಲ್ಲ. ಆದರೆ ಕೆಲವರಿಗೆ ಮೊದಲ ವಾರಗಳಲ್ಲಿ ನಾಳದ ಗುಂಟ ಚರ್ಮ ಕೆಂಪಾಗಿ ತುರಿಸುತ್ತದೆ. ಇದು ಬಹುತೇಕ ಮಾತ್ರೆಗೆ ಬಗ್ಗುತ್ತದೆ, ಅಪರೂಪಕ್ಕೆ ಬಗ್ಗದಿದ್ದಾಗ ನಾಳವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಕೃತಕ ಉಗುರು, ಕೃತಕ ರೆಪ್ಪೆಯ ಅಂಟಿಗೆ ಅಲರ್ಜಿ ಆದವರು ಅದನ್ನು ತಪ್ಪದೆ ತಿಳಿಸಬೇಕು, ಅದೂ ಇದೇ ಕುಟುಂಬದ ಅಂಟು.

ಈಗ ಮರುಕಳಿಸುವ ವಿಷಯ. ‘ಮತ್ತೆ ಬಂತು’ ಎಂದು ರೋಗಿ ಹೇಳುವಾಗ ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿರುತ್ತವೆ. ಮೊದಲ ಬಾರಿ ತೆಗೆಯದೆ ಉಳಿದದ್ದು ಒಂದು. ತೆಗೆದ ಅಥವಾ ಮುಚ್ಚಿದ ಜಾಗದಲ್ಲೇ ಮರಳಿದ್ದು ಇನ್ನೊಂದು. ಆಗ ಆರೋಗ್ಯವಾಗಿದ್ದ ಬೇರೊಂದು ನಾಳ ಈಗ ಕೆಟ್ಟದ್ದು ಮತ್ತೊಂದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಬಗೆಯ ಉಬ್ಬು. ಕಾರಣ, ಚಿಕಿತ್ಸೆ, ಜವಾಬ್ದಾರಿ ಮೂರಕ್ಕೂ ಬೇರೆ. ಈ ಕಾಯಿಲೆಯ ದರ್ಜೆಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಪದ್ಧತಿಯನ್ನು 2020ರಲ್ಲಿ ಪರಿಷ್ಕರಿಸಿದಾಗ, ಮರುಕಳಿಸಿದ ಉಬ್ಬಿಗೂ ಮರುಕಳಿಸಿದ ಹುಣ್ಣಿಗೂ ಪ್ರತ್ಯೇಕ ಗುರುತು ಕೊಟ್ಟರು.

ಎಷ್ಟು ಜನರಿಗೆ ಮರಳುತ್ತದೆ? ಯಾರು, ಎಷ್ಟು ವರ್ಷ, ಏನನ್ನು ಎಣಿಸಿದರು ಎಂಬುದರ ಮೇಲೆ ಉತ್ತರ ವಿಪರೀತ ಏರುಪೇರಾಗುತ್ತದೆ. ಡೆನ್ಮಾರ್ಕಿನಲ್ಲಿ 500 ರೋಗಿಗಳನ್ನು ಲೇಸರ್, ರೇಡಿಯೋಫ್ರೀಕ್ವೆನ್ಸಿ, ಫೋಮ್, ಸ್ಟ್ರಿಪ್ಪಿಂಗ್ ಎಂದು ಚೀಟಿ ಎತ್ತಿದ ಹಾಗೆ ಹಂಚಿ ನೋಡಿದ ಅಧ್ಯಯನವೊಂದಿದೆ. ಮೂರು ವರ್ಷಗಳ ಹೊತ್ತಿಗೆ ನಾಲ್ಕೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಆರೇಳು ಮಂದಿಗೊಬ್ಬರಿಂದ ಐವರಿಗೊಬ್ಬರಂತೆ ಉಬ್ಬು ಮರಳಿತ್ತು. ಆದರೆ ಮುಚ್ಚಿದ ದೊಡ್ಡ ನಾಳವೇ ಪುನಃ ತೆರೆದುಕೊಂಡದ್ದು ಫೋಮ್ ಗುಂಪಿನಲ್ಲಿ ಸುಮಾರು ಕಾಲುಭಾಗ, ಉಳಿದ ಮೂರರಲ್ಲಿ ಶೇ 7ರ ಆಸುಪಾಸು. ಬ್ರಿಟನ್ನಿನಲ್ಲಿ 798 ಜನರ ಮೇಲೆ ನಡೆದ ಮತ್ತೊಂದು ಅಧ್ಯಯನದ ಐದು ವರ್ಷಗಳ ಫಲಿತಾಂಶ 2019ರಲ್ಲಿ ಬಂತು. ರೋಗಿಗಳ ಜೀವನದ ಗುಣಮಟ್ಟದ ಲೆಕ್ಕದಲ್ಲಿ ಲೇಸರ್ ಮತ್ತು ಶಸ್ತ್ರಚಿಕಿತ್ಸೆ ಎರಡೂ ಫೋಮನ್ನು ಹಿಂದಿಕ್ಕಿದ್ದವು. ಗಮನಿಸಿ, ಲೇಸರ್ ಹಳೆಯ ಆಪರೇಷನ್ನನ್ನು ಮಣ್ಣುಮುಕ್ಕಿಸಿದ ಕಥೆ ಇದಲ್ಲ. ನೋವು ಕಡಿಮೆ, ಬೇಗ ಕೆಲಸಕ್ಕೆ ಮರಳಬಹುದು ಎಂಬುದು ಲೇಸರಿನ ನಿಜವಾದ ಲಾಭ. ಮರುಕಳಿಸುವುದೇ ಇಲ್ಲ ಎಂಬುದಲ್ಲ.

ಯಾವ ವಿಧಾನದಲ್ಲಿ ಎಲ್ಲಿಂದ ಮರಳುತ್ತದೆ ಎಂಬುದು ಮಾತ್ರ ಬೇರೆ ಬೇರೆ, ಮತ್ತು ಕುತೂಹಲಕರ. ನೂರು ವರ್ಷ ಶಸ್ತ್ರವೈದ್ಯರಿಗೆ ಕಲಿಸಿದ ಪಾಠ ಒಂದೇ: ತೊಡೆಸಂದಿನಲ್ಲಿ ಕೀಲಿಗೆ ಸೇರುವ ಪ್ರತಿ ಕವಲನ್ನೂ ಹುಡುಕಿ ಕಟ್ಟಿ, ಒಂದನ್ನೂ ಬಿಡಬೇಡಿ. ಹಾಗೆ ಶ್ರದ್ಧೆಯಿಂದ ಮಾಡಿದವರ ರೋಗಿಗಳಲ್ಲೂ, ಕಡಿದ ಲಂಟಾನದ ಬುಡ ಮಳೆ ಬಿದ್ದೊಡನೆ ಚಿಗುರುವ ಹಾಗೆ, ಕಟ್ಟಿದ ತುದಿಯ ಸುತ್ತ ಸಣ್ಣ ಸಣ್ಣ ಹೊಸ ನಾಳಗಳು ಹುಟ್ಟಿ ತೊಡೆಯ ಹಳೆಯ ಕವಲುಗಳಿಗೆ ಕೂಡಿಕೊಳ್ಳುತ್ತವೆ. ಇವುಗಳಲ್ಲಿ ಕವಾಟಗಳಿಲ್ಲ. ಗಾಯ ಮಾಯಿಸಲು ದೇಹ ನಡೆಸುವ ಕೆಲಸವೇ ಇಲ್ಲಿ ಎಡವಟ್ಟಾಗುತ್ತದೆ ಎಂಬುದು ಒಂದು ವಿವರಣೆ. ಲೇಸರಿನಲ್ಲಿ ತೊಡೆಸಂದನ್ನು ಕೆದಕುವುದಿಲ್ಲ, ಕೀಲಿನ ಕವಲುಗಳನ್ನು ಮುಟ್ಟುವುದೂ ಇಲ್ಲ. ಹಳೆಯ ಪಾಠದ ಪ್ರಕಾರ ಇದು ಘೋರ ಪ್ರಮಾದ. ಆದರೂ ಅಲ್ಲಿ ಈ ಚಿಗುರು ಕಡಿಮೆ. ಬದಲಿಗೆ, ಬಿಟ್ಟ ಕವಲುಗಳಲ್ಲೊಂದು, ತೊಡೆಯ ಮುಂಬದಿಗೆ ಇಳಿಯುವ ಪೂರಕ ಸಫೇನಸ್ ನಾಳ, ಕೆಲವು ವರ್ಷಗಳಲ್ಲಿ ಸೋರತೊಡಗುತ್ತದೆ. ಲೇಸರ್ ಆದವರಿಗೆ ತೊಡೆಯ ಮುಂದೆ, ಮಂಡಿಯ ಹೊರಬದಿಗೆ ಓರೆಯಾಗಿ ಹೊಸ ಉಬ್ಬು ಕಂಡರೆ ಅನುಮಾನಿಸಬೇಕಾದ್ದು ಇದನ್ನೇ.

ಹೆರಿಗೆಯಾದ ಮಹಿಳೆಯರಲ್ಲಿ ಇನ್ನೊಂದು ಮೂಲವಿದೆ, ಬಹಳ ಸಲ ತಪ್ಪಿಹೋಗುವಂಥದ್ದು. ಕಿಬ್ಬೊಟ್ಟೆಯೊಳಗಿನ ಅಂಡಾಶಯದ ನಾಳಗಳು ಹಿಗ್ಗಿ ಅಲ್ಲಿಂದ ರಕ್ತ ಜನನಾಂಗದ ಸುತ್ತ, ತೊಡೆಯ ಒಳಹಿಂಬದಿಗೆ ಇಳಿಯುತ್ತದೆ. ಕಾಲನ್ನಷ್ಟೇ ಸ್ಕ್ಯಾನ್ ಮಾಡಿದರೆ ಮೂಲ ಕಾಣುವುದಿಲ್ಲ. ಇಂಥವರಿಗೆ ಕಾಲಿನ ನಾಳಗಳನ್ನು ಎಷ್ಟು ಸಲ ಮುಚ್ಚಿದರೂ ಮತ್ತೆ ತುಂಬಿಕೊಳ್ಳುತ್ತವೆ. ನಿಂತಷ್ಟೂ ಕಿಬ್ಬೊಟ್ಟೆ ಭಾರವೆನಿಸುವುದು, ಮುಟ್ಟಿನ ಮುಂಚೆ ಕಾಲುನೋವು ಹೆಚ್ಚುವುದು ಇದರ ಸುಳಿವು. ನಾಚಿಕೆಯಿಂದ ಹೇಳದೆ ಉಳಿಯುವ ಲಕ್ಷಣಗಳೂ ಇವೇ.

ಹಿಂದೆಂದೋ ಆಳದ ನಾಳದಲ್ಲಿ ಹೆಪ್ಪುಗಟ್ಟಿ ದಾರಿ ಕಿರಿದಾದವರ ವಿಷಯ ಬೇರೆಯೇ. ಅವರಲ್ಲಿ ಮೇಲಿನ ಉಬ್ಬಿದ ನಾಳಗಳೇ ರಕ್ತಕ್ಕೆ ಬದಲಿ ದಾರಿಯಾಗಿರಬಹುದು. ಪರೀಕ್ಷಿಸದೆ ಅದನ್ನು ಮುಚ್ಚಿದರೆ ಊತ ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ.

ಆದ್ದರಿಂದಲೇ ಮತ್ತೆ ಉಬ್ಬು ಕಂಡಾಗ ‘ಈ ಸಲ ಯಾವ ಮೆಷಿನ್ನಿನಲ್ಲಿ ಮಾಡುತ್ತೀರಿ’ ಎಂದು ಕೇಳುವ ಮೊದಲು ‘ಎಲ್ಲಿಂದ ಸೋರುತ್ತಿದೆ’ ಎಂದು ಕೇಳಬೇಕು. ಅದಕ್ಕೆ ಉತ್ತರ ಕೊಡುವುದು ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್, ಅಂದರೆ ಡಾಪ್ಲರ್ ಸ್ಕ್ಯಾನ್. ಅದನ್ನು ಮಾಡುವ ಕ್ರಮವನ್ನು ರೋಗಿಯೂ ತಿಳಿದಿರುವುದು ಒಳ್ಳೆಯದು. ರೋಗಿಯನ್ನು ನಿಲ್ಲಿಸುತ್ತಾರೆ. ಪರೀಕ್ಷಿಸುವ ಕಾಲನ್ನು ಸಡಿಲ ಬಿಟ್ಟು, ಭಾರವನ್ನೆಲ್ಲ ಇನ್ನೊಂದು ಕಾಲಿನ ಮೇಲೆ ಹಾಕಬೇಕು. ತೊಡೆಸಂದಿಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟು, ಇನ್ನೊಂದು ಕೈಯಿಂದ ಮೀನಖಂಡವನ್ನು ಗಟ್ಟಿಯಾಗಿ ಹಿಂಡಿ ಬಿಡುತ್ತಾರೆ. ಹಿಂಡಿದಾಗ ಪರದೆಯ ಮೇಲೆ ಒಂದು ಬಣ್ಣ ಚಿಮ್ಮುತ್ತದೆ, ರಕ್ತ ಮೇಲಕ್ಕೆ ಹೋಯಿತು. ಬಿಟ್ಟ ಕೂಡಲೇ ಪರದೆ ಕಪ್ಪಾದರೆ ಕವಾಟ ಗಟ್ಟಿ. ಅದರ ಬದಲು ಇನ್ನೊಂದು ಬಣ್ಣ ಮೂಡಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿದರೆ ರಕ್ತ ಹಿಂದಕ್ಕೆ ಸುರಿಯುತ್ತಿದೆ ಎಂದರ್ಥ. ಹೀಗೆ ತೊಡೆ, ಮಂಡಿಯ ಹಿಂಭಾಗ, ಮೀನಖಂಡ, ಆಳದ ನಾಳ ಎಲ್ಲವನ್ನೂ ನೋಡಿ ಒಂದು ನಕ್ಷೆ ಬರೆಯಬೇಕು. ಮಲಗಿಸಿ ಐದು ನಿಮಿಷದಲ್ಲಿ ಮುಗಿಸಿದ ಸ್ಕ್ಯಾನ್ ಹೆಪ್ಪನ್ನು ಹುಡುಕಲು ಸಾಕಾಗಬಹುದು, ಸೋರಿಕೆಯನ್ನು ಹುಡುಕಲು ಸಾಲದು. ‘ಉಳಿದುಹೋದ’ ನಾಳಗಳಲ್ಲಿ ಅನೇಕವು ಮೊದಲ ಚಿಕಿತ್ಸೆಗೆ ಮುಂಚಿನ ಇಂಥ ಅವಸರದ ಸ್ಕ್ಯಾನಿನ ಫಲ.

ಎರಡನೆಯ ಸಲದ ಚಿಕಿತ್ಸೆ ಈಗ ಹಿಂದಿನಷ್ಟು ಕಷ್ಟದ್ದಲ್ಲ. ಗಾಯದ ಕಲೆಗಟ್ಟಿದ ತೊಡೆಸಂದನ್ನು ಮತ್ತೆ ತೆರೆಯುವುದು ಯಾವ ಶಸ್ತ್ರವೈದ್ಯರಿಗೂ ಪ್ರಿಯವಲ್ಲದ ಕೆಲಸ. ಸೋಂಕು, ದುಗ್ಧರಸದ ಸೋರಿಕೆ, ದೊಡ್ಡ ನಾಳಕ್ಕೆ ಗಾಯ ಎಲ್ಲದರ ಸಂಭವವೂ ಮೊದಲ ಸಲಕ್ಕಿಂತ ಹೆಚ್ಚು. ನೇರವಾದ ನಾಳ ಉಳಿದಿದ್ದರೆ ಶಾಖದಿಂದ ಮುಚ್ಚುತ್ತಾರೆ. ಅಂಕುಡೊಂಕಾದ ಹೊಸ ಚಿಗುರಿಗೆ ಲೇಸರ್ ತಂತಿ ತೂರುವುದಿಲ್ಲ, ಅಲ್ಲಿ ಫೋಮ್ ಉಪಯೋಗಕ್ಕೆ ಬರುತ್ತದೆ. ಚರ್ಮದಡಿಯ ಉಬ್ಬುಗಳನ್ನು ಸಣ್ಣ ರಂಧ್ರಗಳಿಂದ ಕೊಕ್ಕೆ ಹಾಕಿ ತೆಗೆಯುತ್ತಾರೆ. ದೊಡ್ಡ ನಾಳಕ್ಕೆ ಒಂಟಿಯಾಗಿ ಅಷ್ಟೇನೂ ಗಟ್ಟಿಯಲ್ಲದ ಫೋಮ್, ಇಲ್ಲಿ ಕೈಹಿಡಿಯುತ್ತದೆ.

ಹಾಗೆಂದು ಕಂಡದ್ದೆಲ್ಲಕ್ಕೂ ಚಿಕಿತ್ಸೆ ಬೇಕೇ? ನೋವಿಲ್ಲ, ಊತವಿಲ್ಲ, ಚರ್ಮ ಸರಿಯಿದೆ, ಒಂದೆರಡು ಉಬ್ಬು ಮಾತ್ರ ಮರಳಿದೆ ಎಂದಾದರೆ ಬಿಟ್ಟು ನೋಡುವುದೂ ಸರಿಯಾದ ನಿರ್ಧಾರವೇ. ಹರಡಿನ ಒಳಬದಿಯ ಚರ್ಮ ಕಪ್ಪಾಗಿ ಗಡುಸಾಗುತ್ತಿದ್ದರೆ, ತುರಿಸಿ ಎಸ್ಜಿಮಾ ಆಗುತ್ತಿದ್ದರೆ ಅದನ್ನು ಮುಂದೂಡಬಾರದು. ಹುಣ್ಣಾಗಿದ್ದರಂತೂ ಬೇಗ ಸೋರಿಕೆ ಮುಚ್ಚಿದಷ್ಟೂ ಹುಣ್ಣು ಬೇಗ ಮಾಯುತ್ತದೆ ಎಂಬುದನ್ನು 2018ರಲ್ಲಿ ಬ್ರಿಟನ್ನಿನ 450 ರೋಗಿಗಳ ಅಧ್ಯಯನ ತೋರಿಸಿದೆ. ಬರೀ ಬ್ಯಾಂಡೇಜಿನಲ್ಲಿ ಆರು ತಿಂಗಳು ಕಾಯಿಸುವ ಹಳೆಯ ರೂಢಿಗೆ ಅದು ದೊಡ್ಡ ಪೆಟ್ಟು ಕೊಟ್ಟಿತು.

ಬಿಗಿ ಕಾಲುಚೀಲದ ಬಗ್ಗೆಯೂ ಒಂದು ಮಾತು. ಚಿಕಿತ್ಸೆಯ ನಂತರ ಮೂರು ತಿಂಗಳು ಹಗಲೆಲ್ಲ ಹಾಕಿಕೊಳ್ಳಿ ಎಂದು ಹೇಳಿಸಿಕೊಂಡು, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಒಂದೇ ವಾರಕ್ಕೆ ಕಿತ್ತೆಸೆದು ಆಮೇಲೆ ತಪ್ಪಿತಸ್ಥರಂತೆ ಕೊರಗುವವರಿದ್ದಾರೆ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ 2013ರಲ್ಲೇ, ದೊಡ್ಡ ನಾಳದ ಚಿಕಿತ್ಸೆಯ ನಂತರ ಕಾಲುಚೀಲ ಕೊಡುವುದಾದರೆ 7 ದಿನಕ್ಕಿಂತ ಹೆಚ್ಚು ಬೇಡ ಎಂದಿದೆ. ಆರಂಭದ ನೋವು ಕಡಿಮೆ ಮಾಡಲು ಅದು ನೆರವಾಗುತ್ತದೆ. ತಿಂಗಳುಗಟ್ಟಲೆ ಹಾಕಿಕೊಂಡರೆ ಮರುಕಳಿಸುವುದು ತಪ್ಪುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಹುಣ್ಣು ಮಾಯ್ದವರು, ಆಳದ ನಾಳ ಕೆಟ್ಟವರು ಮಾತ್ರ ಇದಕ್ಕೆ ಹೊರತು, ಅವರಿಗೆ ದೀರ್ಘಕಾಲ ಬೇಕಾಗುತ್ತದೆ. ತೂಕ ಇಳಿಸುವುದು, ನಿಂತ ಕೆಲಸದ ನಡುವೆ ಹಿಮ್ಮಡಿ ಎತ್ತಿ ಇಳಿಸುತ್ತಿರುವುದು, ದಿನವೂ ನಡೆಯುವುದು ಕಾಲಿನ ಭಾರ, ಊತಗಳನ್ನು ಖಂಡಿತ ಇಳಿಸುತ್ತವೆ. ಇನ್ನೊಂದು ಮಗು ಬೇಕೆಂದಿರುವವರು ಅವಸರದ ಕಾರಣವಿಲ್ಲದಿದ್ದರೆ ಹೆರಿಗೆಯ ನಂತರಕ್ಕೆ ಚಿಕಿತ್ಸೆಯನ್ನು ಇಟ್ಟುಕೊಳ್ಳಬಹುದೇ ಎಂದು ವೈದ್ಯರೊಂದಿಗೆ ಮಾತಾಡುವುದು ಒಳ್ಳೆಯದು.

ಕೊನೆಗೆ ಕಡತದ ವಿಷಯ. ಹಳೆಯ ಡಿಸ್ಚಾರ್ಜ್ ಸಾರಾಂಶ, ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಸ್ಕ್ಯಾನ್ ವರದಿ ಇವನ್ನು ಎಸೆಯಬೇಡಿ. ‘ಎಡಗಾಲಿಗೆ ಲೇಸರ್ ಮಾಡಿದೆ’ ಎಂಬಷ್ಟೇ ಬರೆದಿದ್ದರೆ, ಯಾವ ನಾಳ, ಎಲ್ಲಿಂದ ಎಲ್ಲಿಯವರೆಗೆ, ಯಾವುದನ್ನು ಬೇಕೆಂದೇ ಬಿಟ್ಟಿದೆ ಎಂದು ಅಂದೇ ಕೇಳಿ ಬರೆಸಿಕೊಳ್ಳಿ. ಐದು ವರ್ಷದ ನಂತರ ಬೇರೆ ಊರಿನ ವೈದ್ಯರು ಸ್ಕ್ಯಾನ್ ಪರದೆಯ ಮುಂದೆ ಕುಳಿತಾಗ, ಇದು ಉಳಿದದ್ದೋ, ಮರಳಿದ್ದೋ, ಹೊಸದೋ ಎಂದು ಅವರು ತೀರ್ಮಾನಿಸುವುದು ಆ ಕಾಗದವನ್ನು ನೋಡಿಯೇ.